ಬೂಟಿಗೆ ಕಟ್ಟಿದ ಕತ್ತಾಳೆ ಹಗ್ಗ

ನೈರೋಬಿಯ ಸೌತ್ ಬಿ ಬಡಾವಣೆಯ ಆನ್ನಿ ಲೋಬೊ ಕೆನ್ಯಾ ಪರ್ವತದ ತುದಿ ಹತ್ತಿದವರಲ್ಲ. ಹನ್ನೆರಡು ವರ್ಷದ ಹಿಂದೆ ಒಮ್ಮೆ ಮೊದಲ ಬಿಡಾರವಾದ ಓಲ್ಡ್ ಮೋಸಸ್‌ವರೆಗೆ ಹೋಗಿದ್ದರು. ಅಲ್ಲಿಯ ಎತ್ತರ ಮೈಗೆ ಒಗ್ಗದೆ ವಾಂತಿ, ತಲೆಸಿಡಿತದಲ್ಲಿ ನರಳಿ, ಮರುದಿನ ಇಬ್ಬರ ಹೆಗಲಿಗೆ ಕೈಹಾಕಿ ಇಳಿದು ಬಂದರು. ಅದೇ ಮೊದಲು, ಅದೇ ಕೊನೆ. ಆದರೂ ನೈರೋಬಿಯ ಕನ್ನಡದವರು ಆ ಬೆಟ್ಟಕ್ಕೆ ಹೊರಡುವ ಮೊದಲು ಕೇಳುವುದು ಅವರನ್ನೇ. ಮೇಲೆ ದಾರಿ ಹೇಗಿದೆ, ಹಿಮ ಎಷ್ಟು ಬಿದ್ದಿದೆ, ಹೋಗಬಹುದೋ ಬಾರದೋ ಎಂದು.

ಕೇಳುವ ಕಾಲ ಹೆಚ್ಚಾಗಿ ನವೆಂಬರ್. ಊರ ಕಡೆ ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾಗುವ ಹೊತ್ತಿಗೆ ಇಲ್ಲಿ ಸಣ್ಣ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಶಾಲೆಗೆ ರಜೆ, ಆಫೀಸಿನಲ್ಲಿ ಖರ್ಚಾಗದ ಲೀವು, ಆಗೊಮ್ಮೆ ಈಗೊಮ್ಮೆ ಬಿಸಿಲು. ಜನರಿಗೆ ಬೆಟ್ಟದ ನೆನಪಾಗುತ್ತದೆ. ಆದರೆ ಪೇಟೆಯಲ್ಲಿ ಸುರಿದ ಅದೇ ಮಳೆ ಮೇಲೆ ಹಿಮವಾಗಿ ಕೂತಿರುತ್ತದೆ ಎಂಬುದು ಎಲ್ಲರಿಗೂ ಹೊಳೆಯುವುದಿಲ್ಲ.

ಆನ್ನಿಯವರ ಕೆಲಸ ಅಪ್ಪರ್ ಹಿಲ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಹದಿನೆಂಟು ವರ್ಷದಿಂದ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವರ ಲ್ಯಾಬಿನಲ್ಲಿ ಒಂದು ನಿಯಮ. ಯಾರದ್ದು, ಯಾವಾಗ ತೆಗೆದದ್ದು, ತೆಗೆದವರು ಯಾರು ಎಂದು ಚೀಟಿ ಅಂಟಿಸದ ಶೀಶೆ ಬಂದರೆ ಒಳಗೆ ಏನಿದೆ ಎಂದು ನೋಡುವುದೇ ಇಲ್ಲ, ವಾಪಸ್ಸು. ಬೆಟ್ಟದ ಸುದ್ದಿಗೂ ಅವರು ಅದೇ ನಿಯಮ ಇಟ್ಟಿದ್ದರು. 'ಯಾರೋ ಹೇಳಿದ್ರು, ಸ್ನೋ ಏನೂ ಇಲ್ವಂತೆ' ಎಂದು ಯಾರಾದರೂ ಬಂದರೆ ನಕ್ಕು ಬಿಡುವರು. "ಚೀಟಿ ಇಲ್ಲದ ಶೀಶೆ ಅದು, ತಗೊಂಡು ಹೋಗಿ."

ಈ ಪಾಠ ಅವರಿಗೆ ಸುಮ್ಮನೆ ಬಂದದ್ದಲ್ಲ. ತಾವು ಬೆಟ್ಟದಿಂದ ಇಳಿದು ಬಂದ ಮರುವರ್ಷ ಗಂಡ ಡೆಂಜಿಲ್ ನಾಲ್ವರು ಗೆಳೆಯರ ಜೊತೆ ಹೊರಟಾಗ, ಹಿಂದಿನ ದಿನ ಬೆಟ್ಟದ ಬುಡದವರಿಗೆ ಫೋನ್ ಮಾಡಿದವರು ಆನ್ನಿಯೇ. ಫೋನ್ ಎತ್ತಿದವನು ಹೊರೆ ಹೊರುವ ಬೊನಿಫಾಸ್ ಮುರೀಥಿ. ತಮ್ಮ ಅರೆಬರೆ ಸ್ವಾಹಿಲಿಯಲ್ಲಿ ಆನ್ನಿ ಕೇಳಿದ್ದು ಒಂದೇ ಪ್ರಶ್ನೆ, ಮೇಲೆ ಏನಾದರೂ ತೊಂದರೆ ಇದೆಯಾ ಎಂದು. ಅವನು ಹೇಳಿದ, "ಹಕುನಾ ಶಿದಾ." ಏನೂ ತೊಂದರೆ ಇಲ್ಲ. ಐವರೂ ಹೊರಟರು. ಮೇಲೆ ಹೊಸ ಹಿಮ ಮೊಣಕಾಲೆತ್ತರ ಬಿದ್ದಿತ್ತು, ಅದರ ಮೇಲೆ ಸುಡುವ ಬಿಸಿಲು. ಕಪ್ಪು ಕನ್ನಡಕ ಯಾರ ಹತ್ತಿರವೂ ಇರಲಿಲ್ಲ. ಡೆಂಜಿಲ್ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮನೆಗೆ ಬಂದರು. ಮೂರು ದಿನ ಕಣ್ಣು ಬಿಡಲಾಗಲಿಲ್ಲ. ಒಳಗೆ ಮರಳು ತುಂಬಿದ ಹಾಗಿತ್ತಂತೆ.

ಕಣ್ಣು ವಾಸಿಯಾದ ಮೇಲೆ ಆನ್ನಿ ಸುಮ್ಮನೆ ಕೂರಲಿಲ್ಲ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಟಾಟು ವ್ಯಾನು ಹತ್ತಿ ನಾಲ್ಕು ಗಂಟೆ ದಾರಿ, ಬೆಟ್ಟದ ಬುಡದ ನಾನ್ಯುಕಿಗೆ ಹೋದರು. ಬೊನಿಫಾಸನನ್ನು ಹುಡುಕಿ, ಸಿಟ್ಟನ್ನೆಲ್ಲ ನುಂಗಿಕೊಂಡು, ಯಾಕಪ್ಪ ಹಾಗೆ ಹೇಳಿದೆ ಎಂದು ಕೇಳಿದರು. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಫೋನ್ ಬಂದ ಹಿಂದಿನ ದಿನ ತಾನೇ ಇಪ್ಪತ್ತು ಕಿಲೋ ಹೊತ್ತು ಅದೇ ಹಿಮದಲ್ಲಿ ಹತ್ತಿ ಇಳಿದಿದ್ದೆ, ತನಗೆ ಏನೂ ತೊಂದರೆ ಆಗಿರಲಿಲ್ಲ ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ. ದಾರಿ ಸರಿಯಿಲ್ಲ ಎಂದರೆ ಪೇಟೆಯವರು ಬರುವುದೇ ಇಲ್ಲ, ಆ ವಾರ ಎಂಟು ಜನರಿಗೆ ಕೆಲಸ ಇರುವುದಿಲ್ಲ.

ಮಟಾಟುವಿನಲ್ಲಿ ವಾಪಸ್ಸು ಬರುವಾಗ ಆನ್ನಿಗೆ ತಮ್ಮ ಅಪ್ಪನ ನೆನಪಾಯಿತು. ಅವರ ಅಪ್ಪ ಮೂಲ್ಕಿ ಹತ್ತಿರ ಶಾಂಭವಿ ಹೊಳೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಮಳೆಗಾಲದಲ್ಲಿ ಆಚೆ ದಡದಿಂದ ಯಾರಾದರೂ 'ದಾಟಬಹುದಾ' ಎಂದು ಕೂಗಿದರೆ ಹೌದು ಎಂದೋ ಇಲ್ಲ ಎಂದೋ ಹೇಳುತ್ತಿರಲಿಲ್ಲ. 'ಮೂರನೇ ಮೆಟ್ಟಿಲು ಮುಳುಗಿದೆ' ಎನ್ನುತ್ತಿದ್ದರು. ಕೇಳಿದವನಿಗೆ ತನ್ನ ಮಕ್ಕಳ ಕಾಲು ಎಷ್ಟುದ್ದ ಎಂದು ಗೊತ್ತಿರುತ್ತದಲ್ಲ. ತಪ್ಪು ಬೊನಿಫಾಸನದ್ದಲ್ಲ, ಕೇಳಿದ ಪ್ರಶ್ನೆಯದ್ದು ಎಂದು ಆನ್ನಿಗೆ ಅನಿಸಿತು. ತೊಂದರೆ ಇದೆಯಾ ಎಂದರೆ ಒಳ್ಳೆಯ ಮನುಷ್ಯ ಯಾವಾಗಲೂ ಇಲ್ಲ ಎಂದೇ ಹೇಳುತ್ತಾನೆ.

ಅಂದಿನಿಂದ ಅವರು ತೊಂದರೆಯ ಮಾತೇ ಎತ್ತಲಿಲ್ಲ. ನವೆಂಬರ್ ಬಂತೆಂದರೆ ವಾರಕ್ಕೆರಡು ದಿನ, ಬೆಳಗಿನ ಐದೂವರೆಗೆ, ಡ್ಯೂಟಿಗೆ ಹೊರಡುವ ಮೊದಲು ಬೊನಿಫಾಸನಿಗೆ ಫೋನ್. ಮೊದಲು ಅವನ ತಾಯಿಯ ಮಂಡಿನೋವು, ಹಸುವಿನ ಹಾಲು, ಆಲೂಗಡ್ಡೆ ಬೆಳೆ. ಇದನ್ನು ಅವರು ಅವಸರ ಮಾಡುತ್ತಿರಲಿಲ್ಲ. ಆಮೇಲೆ ಒಂದೊಂದೇ. ನಿನ್ನೆ ಇಳಿದು ಬಂದವರ ಬೂಟಿನಲ್ಲಿ ಕೆಸರು ಎಲ್ಲಿಯವರೆಗಿತ್ತು? ಅಡುಗೆಯವನು ನೀರು ಎಲ್ಲಿಂದ ತಂದ? ಒಗೆದು ಹಾಕಿದ ಕಾಲುಚೀಲ ಒಣಗಿತಾ, ಗಟ್ಟಿಯಾಯಿತಾ? ನೀನು ಕಾಲಿಗೆ ಏನು ಹಾಕಿಕೊಂಡಿದ್ದೆ? ಇಂಥ ಪ್ರಶ್ನೆಗೆ ಸುಳ್ಳು ಹೇಳಲು ಯಾರಿಗೂ ಕಾರಣವಿಲ್ಲ. ಉತ್ತರವೆಲ್ಲ ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್ಮಿನಲ್ಲಿ ಇಳಿಯುತ್ತಿತ್ತು. ದಿನ, ಜಾಗ, ಕಂಡದ್ದು, ಕಂಡವರು.

ಇನ್ನೊಂದು ಪದ್ಧತಿಯನ್ನೂ ಅವರೇ ತಂದರು. ಗುಂಪಿಗೆ ಹೋಗಿ ಎಂದಾಗಲೀ ಹೋಗಬೇಡಿ ಎಂದಾಗಲೀ ಹೇಳುವುದಿಲ್ಲ, ಎಲ್ಲಿಯವರೆಗೆ ಎಂದು ಹೇಳುವುದು. ಗೇಟಿನವರೆಗೆ, ಮೊದಲ ಬಿಡಾರದವರೆಗೆ, ಮೇಲಿನ ಬಿಡಾರವಾದ ಶಿಪ್ಟನ್‌ವರೆಗೆ, ತುದಿಯವರೆಗೆ. ಹೊರಟ ಪ್ರಯಾಣ ರದ್ದಾಗುವುದಿಲ್ಲ, ಬೊನಿಫಾಸನ ಕಡೆಯ ಎಂಟು ಜನರ ಕೆಲಸವೂ ತಪ್ಪುವುದಿಲ್ಲ. ಹಾಗಾಗಿ ಅವನಿಗೂ ನಿಜ ಹೇಳುವುದು ಹಗುರವಾಯಿತು.

ಈ ವರ್ಷದ ನವೆಂಬರಿನಲ್ಲಿ ಈ ಪದ್ಧತಿಗೇ ಪರೀಕ್ಷೆ ಬಂತು.

ಹೊರಟವರು ಏಳು ಜನ. ಏರ್ಪಾಡೆಲ್ಲ ವಿಕ್ರಮ್‌ನದು. ರಿವರ್‌ಸೈಡ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ, ಮೂವತ್ತಮೂರು ವಯಸ್ಸು, ಮ್ಯಾರಥಾನ್ ಓಡುವವನು. ಆದರೆ ಪ್ರಯಾಣ ಹೊರಟದ್ದು ಅನಂತರಾಮ ಅವರಿಗಾಗಿ. ಅನಂತರಾಮ ಮೈಸೂರಿನವರು, ನೀರಿನ ಯೋಜನೆಗಳ ಎಂಜಿನಿಯರು. ಹತ್ತೊಂಬತ್ತು ವರ್ಷದ ಕೆಲಸ ಮುಗಿಸಿ, ಮುಂದಿನ ಬುಧವಾರ ಹೆಂಡತಿ ಚಂದ್ರಿಕಾರ ಜೊತೆ ಊರಿಗೆ ಹೊರಟಿದ್ದರು, ಮತ್ತೆ ಬರುವ ಮಾತಿಲ್ಲ. ವರ್ಷಕ್ಕೆ ಹತ್ತು ಹದಿನೈದು ಬೆಳಗು ಮಾತ್ರ ಆಫೀಸಿನ ಕಿಟಕಿಯಿಂದ ಕಾಣುವ ಆ ಬೆಟ್ಟವನ್ನು ಒಮ್ಮೆಯಾದರೂ ಹತ್ತಬೇಕೆಂದು ಎರಡು ಸಲ ಹೊರಟಿದ್ದರು. ಮೊದಲ ಸಲ ಜೊತೆಗಿದ್ದವರಿಗೆ ಕಾಯಿಲೆಯಾಗಿ ಅವರನ್ನು ಕರೆದುಕೊಂಡು ಇಳಿದರು. ಎರಡನೇ ಸಲ ಕೋವಿಡ್ ಬಂದು ಗೇಟೇ ಮುಚ್ಚಿತು. ಇದು ಮೂರನೆಯದು, ಕೊನೆಯದು.

ಮಂಗಳವಾರ ಬೆಳಗ್ಗೆ, ಮೂರು ದಿನದ ಮಳೆ ನಿಂತು ಎರಡು ದಿನವಾಗಿ, ಆಕಾಶ ತೊಳೆದಿಟ್ಟ ಹಾಗಿತ್ತು. ಆನ್ನಿ ಆಸ್ಪತ್ರೆಯ ಐದನೇ ಮಹಡಿಯ ಕಿಟಕಿಯಿಂದ ನೋಡಿದರೆ ದೂರದಲ್ಲಿ ಬೆಟ್ಟದ ಮೊನೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಷ್ಟರಲ್ಲಿ ಗುಂಪಿನ ವಾಟ್ಸಾಪಿಗೆ ವಿಕ್ರಮ್‌ನ ಫೋಟೋ ಬಂತು, ಅದೇ ಬೆಟ್ಟ. ಕೆಳಗೆ ಒಂದು ಸಾಲು, 'ಆನ್ನಿ ಆಂಟಿ, ಇನ್ನೂ ಫೋನ್ ಮಾಡ್ಬೇಕಾ? ಕಣ್ಣಿಗೇ ಕಾಣ್ತಿದೆಯಲ್ಲ.' ಆರು ಜನ ನಗುವ ಮುಖ ಹಾಕಿದರು.

ಆನ್ನಿಗೆ ಮಾತ್ರ ಆ ಹೊಳಪು ಇಷ್ಟವಾಗಲಿಲ್ಲ. ನೆನೆದ ನೆಲ, ಮೇಲೆ ಮೋಡವಿಲ್ಲದ ಎರಡು ರಾತ್ರಿ. ಅಂದರೆ ನೀರೆಲ್ಲ ಕಲ್ಲಾಗುವ ಚಳಿ. ಅದೂ ಅಲ್ಲದೆ ಇವರು ಹತ್ತುವುದು ಸಿರಿಮೋನ್ ದಾರಿ, ಬೆಟ್ಟದ ಉತ್ತರದ ಮೈ. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಕೊನೆಯ ಏರಿನಲ್ಲಿ ಉತ್ತರದ ಇಳಿಜಾರಿಗೆ ಬಿಸಿಲು ಸರಿಯಾಗಿ ಬೀಳುವುದೇ ಇಲ್ಲ.

ಅಂದು ಬೆಳಗ್ಗೆ ಫೋನ್ ಮಾಡಿದಾಗಲೇ ಅವರಿಗೆ ಉತ್ತರ ಸಿಕ್ಕಿತ್ತು. ಬೊನಿಫಾಸ್ ಸೋಮವಾರ ಬೇರೊಂದು ಗುಂಪಿನ ಜೊತೆ ಇಳಿದು ಬಂದಿದ್ದ. ತಾಯಿಯ ಮಂಡಿ, ಹಸು, ಆಲೂಗಡ್ಡೆ ಎಲ್ಲ ಮುಗಿಯಿತು. ಕೆಸರು ಪಾದದವರೆಗೆ, ಹೆಚ್ಚೇನಿಲ್ಲ ಎಂದ. ಮೇಲಿನ ಏರಿನಲ್ಲಿ ಕಾಲಿಗೆ ಏನು ಹಾಕಿಕೊಂಡಿದ್ದೆ ಎಂದಾಗ, ಯಾವಾಗಲೂ ಹಾಕುವ ಗಮ್‌ಬೂಟು ಎಂದ. ಆಮೇಲೆ ಅದೇನು ದೊಡ್ಡ ವಿಷಯವಲ್ಲ ಎಂಬಂತೆ, ಬೂಟಿಗೆ ಕತ್ತಾಳೆ ಹಗ್ಗ ಸುತ್ತಿಕೊಂಡಿದ್ದೆ ಎಂದ.

ಆನ್ನಿಯ ಪೆನ್ನು ನಿಂತಿತು. ಹಗ್ಗ ಸುತ್ತುವುದು ಜಾರದಿರಲಿ ಎಂದು. ಹನ್ನೊಂದು ವರ್ಷದ ನೋಟ್‌ಬುಕ್ಕಿನಲ್ಲಿ ಆ ಹಗ್ಗದ ಮಾತು ಬಂದದ್ದು ಎರಡೇ ಸಲ. ಬೆಟ್ಟದಲ್ಲೇ ಹುಟ್ಟಿ ಬೆಳೆದವನೊಬ್ಬ ತನ್ನ ಬೂಟನ್ನು ನಂಬದೆ ಹಗ್ಗ ಕಟ್ಟಿಕೊಂಡ ಎಂದರೆ ಅಲ್ಲಿ ಪೇಟೆಯವರ ಕಾಲಿಗೆ ಜಾಗವಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವರು ಗುಂಪಿಗೆ ಬರೆದರು, 'ಶಿಪ್ಟನ್ ಬಿಡಾರದವರೆಗೆ. ಅದರಾಚೆ ಇಲ್ಲ. ಬೊನಿಫಾಸ್, ಸೋಮವಾರ, ಮೇಲಿನ ಏರು, ಬೂಟಿಗೆ ಹಗ್ಗ.'

ಸಂಜೆ ವಿಕ್ರಮ್ ಫೋನ್ ಮಾಡಿದ. ಟೂರ್ ಕಂಪನಿಯವರನ್ನು ಕೇಳಿದ್ದಾನಂತೆ, ಟ್ರೇಲ್ ಚೆನ್ನಾಗಿದೆ, ಸ್ನೋ ಸ್ವಲ್ಪವೇ ಎಂದರಂತೆ. ಅವರಲ್ಲಿ ಯಾರು, ಯಾವತ್ತು ನೋಡಿದ್ದು ಎಂದು ಆನ್ನಿ ಕೇಳಿದರು. ಅದು ಅವನಿಗೆ ಗೊತ್ತಿರಲಿಲ್ಲ.

"ಆಂಟಿ, ಬೇಜಾರು ಮಾಡ್ಕೋಬೇಡಿ," ಎಂದ ಕೊನೆಗೆ. "ಒಂದು ಸಲಾನೂ ಮೇಲೆ ಹೋಗ್ದೇ ಇರೋವ್ರು ನಮಗೆ ಎಲ್ಲಿ ನಿಲ್ಬೇಕು ಅಂತ ಹೇಳೋದು ಸ್ವಲ್ಪ ವಿಚಿತ್ರ ಅಲ್ವಾ?"

"ವಿಚಿತ್ರವೇ ಮಾರಾಯ," ಎಂದರು ಆನ್ನಿ. "ಮಲೇರಿಯಾ ಉಂಟು ಅಂತ ಹೇಳ್ಲಿಕ್ಕೆ ನನಗೆ ಮಲೇರಿಯಾ ಬಂದಿರ್ಬೇಕು ಅಂತಿಲ್ಲ."

ಅವನು ನಕ್ಕ. ಆದರೆ ತಾನು ತುದಿಗೇ ಹೋಗುವವನು ಎಂದೂ ಹೇಳಿದ.

ಬುಧವಾರ ಸಂಜೆ ಐದಕ್ಕೆ ಅನಂತರಾಮ ಒಬ್ಬರೇ ಸೌತ್ ಬಿಗೆ ಬಂದರು. ಮರುದಿನ ಬೆಳಗ್ಗೆ ಹೊರಡಬೇಕು. ಡೆಂಜಿಲ್ ಇಂಡಸ್ಟ್ರಿಯಲ್ ಏರಿಯಾದ ತಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿ ಬೇಗ ಮುಚ್ಚಿ ಬಂದಿದ್ದರು, ಅವರೇ ಚಹಾ ಮಾಡಿ ತಂದರು. ಅನಂತರಾಮ ಸ್ವಲ್ಪ ಹೊತ್ತು ಮನೆಯ ಸಾಮಾನು ಹಡಗಿಗೆ ಕಳಿಸಿದ ಕತೆ ಹೇಳಿದರು. ಗುಟುಕು ಗುಟುಕಾಗಿ ಚಹಾ ಮುಗಿಸಿದರು. ಲೋಟ ಕೆಳಗಿಟ್ಟ ಮೇಲೆ ಬಂದ ವಿಷಯಕ್ಕೆ ಬಂದರು. ಚಂದ್ರಿಕಾ ಒಂದು ಷರತ್ತು ಹಾಕಿದ್ದಾರೆ. ಆನ್ನಿ ಸರಿ ಎಂದರೆ ತುದಿಗೆ ಹೋಗಬಹುದು, ಇಲ್ಲದಿದ್ದರೆ ಇಲ್ಲ.

"ನೀವು ಹೋಗಿ ಅನ್ನೋದು ಬೇಡ," ಎಂದರು. "'ನೋಡ್ಕೊಂಡು ಹೋಗಿ' ಅಂದ್ರೂ ಸಾಕು. ಅಷ್ಟೇ ಸಾಕು ಆನ್ನಿಯವರೆ."

ಆ ಮಾತಿಗೆ ಉತ್ತರಿಸುವುದು ಆನ್ನಿಗೆ ಸುಲಭವಿರಲಿಲ್ಲ. ಅವರು ಮದುವೆಯಾಗಿ ಈ ಊರಿಗೆ ಬಂದ ಮೊದಲ ನಾಲ್ಕೈದು ವರ್ಷ, ಮಂಗಳೂರಿನ ಡಿಪ್ಲೊಮಾಕ್ಕೆ ಇಲ್ಲಿ ಬೆಲೆಯಿಲ್ಲದೆ ಚಿಕ್ಕ ಕ್ಲಿನಿಕ್ಕಿನಲ್ಲಿ ಸೂಜಿ ಕುದಿಸುತ್ತಿದ್ದರು. ಕಾಗದಪತ್ರ ಹಿಡಿದುಕೊಂಡು ಮೂರು ವಾರ ಅವರ ಜೊತೆ ಆಫೀಸಿನಿಂದ ಆಫೀಸಿಗೆ ಅಲೆದವರು ಆಗಷ್ಟೇ ಬಂದಿದ್ದ ಈ ಅನಂತರಾಮರೇ. ಇಂದು ಆನ್ನಿ ಓದಿಗೆ ತಕ್ಕ ಕುರ್ಚಿಯಲ್ಲಿ ಕೂತಿದ್ದಾರೆಂದರೆ ಅದರಲ್ಲಿ ಈ ಮನುಷ್ಯನ ಸವೆದ ಚಪ್ಪಲಿಯ ಪಾಲಿದೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಅವರು ನೆನಪಿಸಿರಲಿಲ್ಲ. ಇವತ್ತೂ ನೆನಪಿಸಲಿಲ್ಲ. ಆನ್ನಿಗೆ ಕಷ್ಟವಾದದ್ದೇ ಅದು.

ಅದೂ ಅಲ್ಲದೆ ತಾವು ತಪ್ಪಿದ್ದೂ ಉಂಟು. ಎರಡು ವರ್ಷದ ಹಿಂದೆ ಬಿಡಾರದವರೆಗೆ ಎಂದು ಹೇಳಿದ್ದರು. ಆ ದಿನ ಬೇರೆ ಗುಂಪಿನವರು ಆರಾಮವಾಗಿ ತುದಿ ಮುಟ್ಟಿ ಬಂದಿದ್ದರು. ಆ ಪುಟವೂ ನೋಟ್‌ಬುಕ್ಕಿನಲ್ಲಿದೆ, ಹೊಡೆದು ಹಾಕಿಲ್ಲ. ಈಗ ಅದನ್ನು ತೆರೆದು ಅನಂತರಾಮರ ಮುಂದಿಟ್ಟರು. ಓದಿದ ಅನಂತರಾಮರ ಮುಖ ಅರಳಿತು.

"ಹಾಗಾದ್ರೆ ಈ ಸಲವೂ..."

"ಆಗಬಹುದು ಸರ್. ಆದರೆ ನನಗೆ ಬಂದ ಸುದ್ದಿ ಹಗ್ಗದ್ದು. ಅದನ್ನು ಬಿಟ್ಟು ಬೇರೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ." ಆನ್ನಿ ನೋಟ್‌ಬುಕ್ ಮುಚ್ಚಿದರು. "ನೀವು ನನಗೆ ಮಾಡಿದ್ದು ನಾನು ಮರ್ತಿಲ್ಲ. ಮರ್ತಿದ್ರೆ ಹೂಂ ಅಂದುಬಿಡ್ತಿದ್ದೆ."

ಹೊರಗೆ ಯಾರೋ ಗೇಟಿನ ಬಳಿ ಹಾರ್ನ್ ಹೊಡೆದು ಹೋದರು. ಡೆಂಜಿಲ್ ಖಾಲಿ ಲೋಟ ಎತ್ತಿಕೊಂಡು ಒಳಗೆ ನಡೆದರು.

ಆಗ ಆನ್ನಿಗೆ ಒಂದು ಯೋಚನೆ ಬಂತು. ಉತ್ತರ ತಮ್ಮದೇ ಆಗಬೇಕೆಂದು ಯಾಕೆ ಹಟ? ಕೇಳುವುದು ಹೇಗೆಂದು ಇವರಿಗೂ ಗೊತ್ತಾದರೆ ಸಾಕಲ್ಲ.

"ಸರ್, ಒಂದು ಕೆಲಸ ಮಾಡಿ. ಶಿಪ್ಟನ್‌ವರೆಗೆ ಹೋಗಿ. ಅಲ್ಲಿ ತುದಿಗೆ ಹೊರಡುವ ಮೊದಲು ಅಡುಗೆಯವ ಚಾ ಕೊಡ್ತಾನೆ. ದಾರಿ ಹೇಗುಂಟು ಅಂತ ಯಾರನ್ನೂ ಕೇಳ್ಬೇಡಿ, ಎಲ್ಲರೂ ಒಳ್ಳೇದುಂಟು ಅಂತ್ಲೇ ಹೇಳುದು. ಚಾಕ್ಕೆ ನೀರು ಎಲ್ಲಿಂದ ತಂದೆ ಅಂತ ಕೇಳಿ. ತೊರೆಯ ಮೇಲಿನ ಐಸನ್ನು ಸೌಟಲ್ಲಿ ಒಡೆದು ತಂದೆ ಅಂದ್ರೆ ಅದು ದಿನಾ ಇರುದೇ. ಹೋಗಿ, ಚಂದ್ರಿಕಾ ಅವರಿಗೆ ನಾನು ಹೇಳ್ತೇನೆ. ಕಲ್ಲು ಬೇಕಾಯ್ತು ಅಂದ್ರೆ ಕೂತುಕೊಳ್ಳಿ."

"ಕೂತ್ಕೊಂಡು ಏನ್ಮಾಡ್ಲಿ?"

"ಚಾ ಕುಡೀರಿ."

ಅನಂತರಾಮ ಬಂದಾಗಿನಿಂದ ಮೊದಲ ಸಲ ನಕ್ಕರು. ಹೊರಡುವಾಗ ಡೆಂಜಿಲ್ ಒಂದು ಚರ್ಮದ ಡಬ್ಬಿ ತಂದು ಅವರ ಕೈಗಿಟ್ಟರು. ಕಣ್ಣು ಕೆಟ್ಟ ವರ್ಷ ಕೊಂಡ ಕಪ್ಪು ಕನ್ನಡಕ. ಯಾವ ಪ್ರಶ್ನೆಗೆ ಏನೇ ಉತ್ತರ ಬರಲಿ, ಇದನ್ನು ಮಾತ್ರ ಹಾಕಿಕೊಳ್ಳಿ ಎಂದರು.

ಗುರುವಾರ, ಶುಕ್ರವಾರ ಕಳೆಯಿತು. ಶನಿವಾರ ಆನ್ನಿಗೆ ಅರ್ಧ ದಿನದ ಡ್ಯೂಟಿ. ಐದನೇ ಮಹಡಿಯ ಕಿಟಕಿಯಿಂದ ನೋಡಿದರೆ ಬೆಟ್ಟ ಅಂದೂ ಬೆಳ್ಳಗೆ, ಒಂದು ತುಂಡು ಮೋಡವಿಲ್ಲದೆ ನಿಂತಿತ್ತು. ಇಷ್ಟು ಒಳ್ಳೆಯ ಬೆಳಗನ್ನು ಒಬ್ಬ ಹಿರಿಯರಿಂದ ಕಿತ್ತುಕೊಂಡೆನೇ ಎಂದು ಅವರಿಗೆ ಅನಿಸಿತು. ಒಂದು ಶೀಶೆಯ ಚೀಟಿಯನ್ನು ಎರಡು ಸಲ ಓದಬೇಕಾಯಿತು. ಮನೆಗೆ ಬಂದು ಮೀನು ಸಾರು ಬಿಸಿ ಮಾಡಿ, ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟಕ್ಕೆ ಕೂತರು.

ಫೋನ್ ಬಂದಾಗ ಮೂರೂಕಾಲು ಗಂಟೆ. ಏಳೂ ಜನ ಓಲ್ಡ್ ಮೋಸಸ್‌ಗೆ ಇಳಿದಿದ್ದರು, ಅಲ್ಲಿ ಸಿಗ್ನಲ್ ಸಿಗುತ್ತದೆ. ಅನಂತರಾಮರ ದನಿ ಒರಟಾಗಿತ್ತು, ಚಳಿಗೆ ಗಂಟಲು ಕಟ್ಟಿತ್ತು.

"ಆನ್ನಿಯವರೆ, ಕೇಳ್ದೆ."

ಆನ್ನಿ ಎಡಗೈಯಿಂದ ನೋಟ್‌ಬುಕ್ ಎಳೆದುಕೊಂಡರು. ಏನಂದ ಎಂದು ಕೇಳಿದರು.

ಚಹಾ ಅರ್ಧ ಗಂಟೆ ತಡವಾಯಿತಂತೆ. ಯಾಕೆಂದು ಕೇಳಿದರೆ ಅಡುಗೆಯವನು ನಾಚಿಕೊಂಡು, ತೊರೆಯ ನೀರು ಸಿಗಲಿಲ್ಲ, ಸೌಟಿನ ಹಿಡಿ ಮುರಿಯಿತು, ಆಮೇಲೆ ಕಲ್ಲಿನಿಂದ ಒಡೆದು ಐಸಿನ ತುಂಡುಗಳನ್ನೇ ತಂದು ಪಾತ್ರೆಯಲ್ಲಿ ಕರಗಿಸಿದೆ ಎಂದನಂತೆ. ಅದೇ ಮನುಷ್ಯನನ್ನು ವಿಕ್ರಮ್ ಐದು ನಿಮಿಷ ಮೊದಲು ದಾರಿ ಹೇಗಿದೆ ಎಂದು ಕೇಳಿದ್ದ. ಹಕುನಾ ಶಿದಾ ಎಂದಿದ್ದ. ಅನಂತರಾಮ ಲೋಟ ಹಿಡಿದು ಅಲ್ಲೇ ಕೂತುಬಿಟ್ಟರು. ಇನ್ನೂ ನಾಲ್ವರು ಅವರ ಪಕ್ಕದಲ್ಲಿ ಕೂತರು. ವಿಕ್ರಮ್, ಇನ್ನೊಬ್ಬ, ಗೈಡ್ ಮೂವರೂ ಹೊರಟು ಕೊನೆಯ ಏರಿನ ಬುಡದವರೆಗೆ ಹೋದರು. ಅಲ್ಲಿ ಗೈಡ್ ಎರಡು ಸಲ ಜಾರಿ ಕೂತ ಮೇಲೆ ಎಂಟು ಗಂಟೆಗೆ ವಾಪಸ್ಸು ಬಂದರು. ವಿಕ್ರಮ್ ಮಾತಾಡುತ್ತಿಲ್ಲ, ಆದರೆ ಮೂರನೇ ತಟ್ಟೆ ಅನ್ನ ತಿನ್ನುತ್ತಿದ್ದಾನೆ ಎಂದರು ಅನಂತರಾಮ.

ಆನ್ನಿ ಪೆನ್ನು ಕೆಳಗಿಟ್ಟರು. "ನಿಮಗೆ ತುದಿ ತಪ್ಪಿತು ಸರ್."

"ತಪ್ತು," ಎಂದರು ಅವರು. ಸುಳ್ಳು ಸಮಾಧಾನ ಹೇಳಲಿಲ್ಲ. ಆಮೇಲೆ ಮುಂದುವರಿಸಿದರು. ಬಿಡಾರದ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಎದುರಿನ ಮೊನೆಗಳ ಮೇಲೆ ಬಿಸಿಲು ಇಳಿಯಿತಂತೆ. ಮೊದಲು ತಾಮ್ರದ ಬಣ್ಣ, ಆಮೇಲೆ ಕಣ್ಣು ಬಿಡಲಾಗದ ಬಿಳುಪು. ಡೆಂಜಿಲ್‌ರ ಕನ್ನಡಕ ಹಾಕಿಕೊಂಡೇ ನೋಡಿದರಂತೆ. ಹತ್ತೊಂಬತ್ತು ವರ್ಷ ಕಿಟಕಿಯಿಂದ ಹೆಬ್ಬೆರಳಿನಷ್ಟು ಕಾಣುತ್ತಿದ್ದದ್ದು ಇವತ್ತು ಕತ್ತೆತ್ತಿದರೂ ಮುಗಿಯಲಿಲ್ಲ ಎಂದರು.

ಆನ್ನಿ ಕೇಳಿಸಿಕೊಂಡರು. ಹೇಳಿ ಮುಗಿಸಲೆಂದು ಕಾದರು. ಆಮೇಲೆ ಹದಿನೆಂಟು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ.

"ಸರ್, ಆ ಐಸು ಎಷ್ಟು ದಪ್ಪ ಇತ್ತು? ನೀವೇ ನೋಡಿದ್ರಾ, ಅವ ಹೇಳಿದ್ದಾ?"

"ನಾನೇ ನೋಡ್ದೆ. ನೀವು ಕೇಳ್ತೀರಿ ಅಂತ ಗೊತ್ತಿತ್ತು. ಕನ್ನಡಕದ ಡಬ್ಬಿ ಪಕ್ಕಕ್ಕಿಟ್ಟು ಅಳತೆ ನೋಡಿದೀನಿ. ಸರಿಯಾಗಿ ಡಬ್ಬಿಯಷ್ಟೇ ದಪ್ಪ."

ಆನ್ನಿ ಬರೆದುಕೊಂಡರು. ಶನಿವಾರ. ಶಿಪ್ಟನ್, ತೊರೆ. ಐಸು, ಕನ್ನಡಕದ ಡಬ್ಬಿಯಷ್ಟು ದಪ್ಪ, ಕಲ್ಲಿನಿಂದ ಒಡೆದದ್ದು. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಹನ್ನೊಂದು ವರ್ಷದಿಂದ ಅಲ್ಲಿ ಬರುತ್ತಿದ್ದದ್ದು ಹೊರೆ ಹೊರುವವರ, ಅಡುಗೆಯವರ, ಗೇಟು ಕಾಯುವವರ ಹೆಸರು. ಬೆಟ್ಟವನ್ನು ಬಲ್ಲವರ ಹೆಸರು. ಪೇಟೆಯವರದ್ದು ಒಂದೂ ಇರಲಿಲ್ಲ.

ಕಂಡವರು ಎಂಬಲ್ಲಿ ಅವರು ದುಂಡಗಿನ ಅಕ್ಷರದಲ್ಲಿ ಬರೆದರು, ಅನಂತರಾಮ ಸರ್.